ಎರಡೂ ಕೈಯ ಊಟ

ಕೊಟ್ಟೂರು
8 ಜೂನ್ 2025, ಭಾನುವಾರ

ಅನ್ನದಾನಮ್ಮತ್ತೆಗೆ ಶೈಲಾಳ ಶರಣು.

ಫೋನಿನಲ್ಲಿ ನನ್ನ ಮಾತು ನಿಮಗೆ ಗುಂಯ್ ಎಂದಷ್ಟೇ ಕೇಳಿಸುತ್ತದೆ, ಕಿವಿಯ ಮಶೀನು ಹಾಕಿಕೊಂಡರೆ ಇನ್ನೂ ಜೋರಾಗಿ ಗುಂಯ್ ಎನ್ನುತ್ತದೆ ಎಂದು ನಿಮ್ಮ ಜೊತೆಗಿರುವ ಯಶೋಧಕ್ಕ ಹೇಳಿದರು. ಇರಲಿ, ಬರೆಯುತ್ತೇನೆ. ಬರೆಯಲು ಕಲಿಸಿದವರೂ ನೀವೇ ತಾನೆ.

ನನ್ನ ಬರ್ಗರ್ ಅಂಗಡಿ ತೆರೆದು ಇವತ್ತಿಗೆ ಹನ್ನೆರಡು ದಿನ. ಅಪ್ಪನ ಬೀಜ-ಗೊಬ್ಬರದ ಅಂಗಡಿಯ ಪಕ್ಕದ ಮಳಿಗೆ, ಚೀಲ ಒಟ್ಟುತ್ತಿದ್ದರಲ್ಲ, ಅದೇ. ಮೂರು ಸಲ ಸುಣ್ಣ ಬಳಿದರೂ ಗೊಬ್ಬರದ ವಾಸನೆ ಹೋಗಿರಲಿಲ್ಲ. ಬೆಣ್ಣೆಯಲ್ಲಿ ಬನ್ನು ಕಾಯುವ ಗಮ ಈಗ ಅದನ್ನು ಓಡಿಸಿದೆ. ಐದು ಟೇಬಲ್ಲು ಹಾಕಿದ್ದೇನೆ. ಹುಬ್ಬಳ್ಳಿಯ ಹೋಟೆಲಿನಲ್ಲಿ ನಾಲ್ಕು ವರ್ಷ ತವೆಯ ಮುಂದೆ ನಿಂತು ಕಲಿತದ್ದನ್ನು ನಮ್ಮ ಕಾಳು-ಕಡಿಗೆ ಹೊಂದಿಸಿದ್ದೇನೆ. ಅಲಸಂದಿ ವಡೆಯ ಬರ್ಗರ್, ಸುಟ್ಟ ಬದನೆಕಾಯಿ ಬರ್ಗರ್, ಇನ್ನೊಂದರೊಳಗೆ ನಮ್ಮೂರ ಮಿರ್ಚಿಯೇ ಕೂತಿರುತ್ತದೆ. ಎಲ್ಲದರ ಮೇಲೂ ಗುರೆಳ್ಳು ಪುಡಿ, ಕೆನೆಮೊಸರು.

ಜನ ಬರುತ್ತಾರೆ. ಆದರೆ ಅವರು ತಿನ್ನುವುದನ್ನು ನೋಡಿದರೆ ನನ್ನ ಜೀವ ಹೋಗುತ್ತದೆ. ಮೇಲಿನ ಬನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಅದನ್ನು ರೊಟ್ಟಿಯ ಹಾಗೆ ಹರಿದು, ವಡೆ ಮುರಿದು ಹಚ್ಚಿಕೊಂಡು, ಬಲಗೈಯೊಂದರಲ್ಲೇ ತಿಂದು, "ಯವ್ವಾ, ಇನ್ನೀಟು ಪಲ್ಯ ಹಾಕು" ಎನ್ನುತ್ತಾರೆ. ಎಡಗೈ ಟೇಬಲ್ಲಿನ ಕೆಳಗೆ ಸುಮ್ಮನೆ ಕೂತಿರುತ್ತದೆ. ತವೆಯ ಬಳಿ ನನ್ನ ಜೊತೆ ನಿಲ್ಲುವ ಎರ್ರೆಮ್ಮ ನಕ್ಕೂ ನಕ್ಕೂ ಸುಸ್ತಾಗಿ, "ಒಂದು ಬೋರ್ಡಾರ ಬರ್ಸು ತಾಯಿ" ಎಂದಳು. ಬರೆಸಿದೆ: "ಎರಡೂ ಕೈಯಲ್ಲಿ ಹಿಡಿದು ತಿನ್ನಿರಿ."

ಅಲ್ಲಿಂದ ಶುರುವಾಯಿತು ನೋಡಿ. ಅಪ್ಪ ಅಂಗಡಿಯ ಹೊಸ್ತಿಲ ಹೊರಗೇ ನಿಂತು, "ಎಡಗೈ ಹಚ್ಚಿ ಉಣ್ರಿ ಅಂತ ಬೋರ್ಡ್ ಬರ್ಸಿ ಹಾಕೀಯಲ್ಲ, ನಾಲ್ಕು ಮಂದ್ಯಾಗ ನಾನು ಹೆಂಗ ತಲಿ ಎತ್ತಿ ತಿರುಗ್ಲಿ? ಎಡಗೈಲೆ ಉಣ್ಣೋರನ್ನ ಮನುಷ್ಯಾರು ಅಂತಾರೇನು?" ಎಂದರು. ನಾನೂ ಬಿಡಲಿಲ್ಲ. ಕೊನೆಗೆ ಅಪ್ಪ ಹೇಳಿದ್ದು ಇದು: "ಅಕ್ಕ ಬಂದು ಇಲ್ಲಿ ಕುಂತು ಉಂಡ್ಲು ಅಂದ್ರ ನಾನೂ ಉಣ್ತೀನಿ, ಬಾಯಿ ಮುಚ್ಚಿಕೊಂಡು ಇರ್ತೀನಿ. ಇಲ್ಲಾಂದ್ರ ದೀಪಾವಳಿ ಪೂಜಿಗೆ ಈ ಮಳಿಗಿ ನನಗ ಬಿಡು. ನನ್ನ ಚೀಲ ಮಳ್ಯಾಗ ನೆನೀತಾವ."

ಅಪ್ಪನಿಗೆ ನಿಮ್ಮ ಮಾತೇ ಕೊನೆಯ ಮಾತು ಎಂದು ನಿಮಗೆ ಗೊತ್ತು. ಅವ್ವ ಹಿತ್ತಲ ಬಾಗಿಲಿಂದ ಬಂದು ಬದನೆಕಾಯಿ ಬರ್ಗರ್ ತಿಂದು ಹೋಗುತ್ತಾಳೆ, ಅದು ಲೆಕ್ಕಕ್ಕಿಲ್ಲ. ನೀವು ಬರಬೇಕು.

ಒಂದನೇ ಕ್ಲಾಸಿಗೆ ನಿಮ್ಮ ಮನೆಯಲ್ಲಿದ್ದಾಗ ನನ್ನ ಎಡಗೈಯನ್ನು ನಿಮ್ಮ ಸೆರಗಿನ ತುದಿಗೆ ಗಂಟು ಹಾಕಿ, ಬಲಗೈಯಲ್ಲಿ ಬರೆಸಿದಿರಿ. ಬರೆಯುವುದೇನೋ ಬಂತು. ತವೆಯ ಮುಂದೆ ಮಾತ್ರ ಚಟ್ಟುಗ ತಾನಾಗಿ ಎಡಗೈಗೇ ಹೋಗುತ್ತದೆ. ಕಟ್ಟಿಹಾಕಲು ಇಲ್ಲಿ ಸೆರಗಿಲ್ಲ!

ನಿಮ್ಮ
ಶೈಲಾ


ಹೂವಿನಹಡಗಲಿ
17 ಜೂನ್ 2025

ಚಿ. ಶೈಲಾಳಿಗೆ ಆಶೀರ್ವಾದ.

"ಗಮ" ಎಂದು ಬರೆದಿದ್ದೀಯ. ಅದು "ಘಮ". ಬೆಣ್ಣೆಯ ವಾಸನೆಗಾದರೂ ಒಂದು ಮಹಾಪ್ರಾಣ ಕೊಡಬಾರದೇ?

ನಿನ್ನ ಬೋರ್ಡಿನ ಸಂಗತಿ ಓದಿ ಯಶೋಧಾ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಮೂವತ್ತಾರು ವರ್ಷ ಊಟಕ್ಕೆ ಕೂತ ಮಕ್ಕಳ ಸಾಲಿನ ಮುಂದೆ ಓಡಾಡುತ್ತ "ಬಲಗೈ, ಬಲಗೈ" ಎಂದವಳು ನಾನು. ನನ್ನ ಎಡಗೈ ಇವತ್ತಿನವರೆಗೆ ಒಂದು ತುತ್ತು ಮುಟ್ಟಿಲ್ಲ. ಈ ವಯಸ್ಸಿನಲ್ಲಿ ಅದಕ್ಕೆ ಹೊಸ ಚಾಳಿ ಕಲಿಸಲಾರೆ. ಈ ವಿಷಯದಲ್ಲಿ ನನ್ನ ತಮ್ಮ ಮರುಳಪ್ಪ ಹೇಳಿದ್ದು ಸರಿಯಾಗಿಯೇ ಇದೆ.

ಹಾಗಂತ ನಾಲ್ಕು ವರ್ಷ ನಿಂತು ಕಲಿತದ್ದನ್ನು ಗೊಬ್ಬರದ ಚೀಲಕ್ಕೆ ಬಿಟ್ಟುಕೊಡು ಎನ್ನುವಷ್ಟು ಕಲ್ಲಲ್ಲ ನಿನ್ನ ಅತ್ತೆ. ಒಂದು ಕರಾರು. ಒಂದೇ ಕೈಯಲ್ಲಿ ಹಿಡಿದು ತಿನ್ನುವಂಥ ಬರ್ಗರ್ ಮಾಡು. ಹನಿ ಸೋರಬಾರದು, ಕಾಳು ಬೀಳಬಾರದು. ಅದು ಆಯಿತೆಂದು ಬರೆ. ಶ್ರಾವಣದ ಎರಡನೇ ಸೋಮವಾರ, ಆಗಸ್ಟ್ ನಾಲ್ಕಕ್ಕೆ, ಕೊಟ್ಟೂರಿನ ಗುಡಿಗೆ ಬಂದು ದರ್ಶನ ಮುಗಿಸಿ ಅಲ್ಲಿಂದ ನೇರ ನಿನ್ನ ಅಂಗಡಿಗೆ ಬರುತ್ತೇನೆ. ಹಸಿದೇ ಬರುತ್ತೇನೆ.

ಅನ್ನದಾನಮ್ಮ


ಕೊಟ್ಟೂರು
13 ಜುಲೈ 2025, ಭಾನುವಾರ

ಅತ್ತೆ, ಆಯಿತು! ಒಂದೇ ಕೈಯ ಬರ್ಗರ್ ಆಯಿತು.

ಬೇಕರಿ ಮಂಜಣ್ಣನ ತಲೆ ತಿಂದು ಹಾಕಿದ್ದೇನೆ. ಮೊದಲು ಸಣ್ಣ ಬನ್ನು ಮಾಡಿಕೊಟ್ಟ, ವಡೆ ಹೊರಗೆ ಇಣುಕಿತು. ಆಮೇಲೆ ಉದ್ದದ್ದು ಮಾಡಿದ, ಹಿಂದಿನಿಂದ ಮೊಸರೆಲ್ಲ ಎರ್ರೆಮ್ಮನ ಸೀರೆಯ ಮೇಲೆ. ಮೂರನೇ ಸಲ ಅಭ್ಯಾಸಬಲದಿಂದ ಒಳಗೆ ಟೂಟಿಫ್ರೂಟಿ ಹಾಕಿಬಿಟ್ಟಿದ್ದ. "ಬನ್ನು ಅಂದ್ಮ್ಯಾಲೆ ಸಿಹಿ ಇರಬೇಕಲ್ಲಬೇ" ಎಂದು ನನಗೇ ದಬಾಯಿಸಿದ. ಹನ್ನೊಂದನೇ ಸಲಕ್ಕೆ ಸಿಕ್ಕಿತು. ಬನ್ನನ್ನು ಪೂರ್ತಿ ಕತ್ತರಿಸುವುದಿಲ್ಲ, ಒಂದು ಬದಿ ಮುಚ್ಚಿಯೇ ಇರುತ್ತದೆ, ಚೀಲದ ಹಾಗೆ. ಒಳಗೆ ವಡೆ ಇಳಿಸಿ, ಕೆಳಗೆ ಬಾಳೆಯೆಲೆ ಸುತ್ತಿ ಕೊಡುತ್ತೇನೆ. ನಾನು ಅದನ್ನು ಹಿಡಿದುಕೊಂಡು ಬಸ್ ನಿಲ್ದಾಣದವರೆಗೆ ನಡೆದು ನೋಡಿದೆ. ಒಂದು ಕಾಳು ಬೀಳಲಿಲ್ಲ.

ಆಗಸ್ಟ್ ನಾಲ್ಕಕ್ಕೆ ನಡುವಿನ ಟೇಬಲ್ಲು ನಿಮ್ಮದು. ಅಪ್ಪನಿಗೂ ಹೇಳಿದ್ದೇನೆ. "ಅಕ್ಕ ಬರ್ತಾಳಂತ ಬರ್ದಾಳೇನು?" ಎಂದು ಎರಡು ಸಲ ಕೇಳಿದರು. ಬರುತ್ತೇನೆ ಎಂದು ಒಂದು ಸಾಲು ಬರೆದು ಹಾಕಿ, ಅವರಿಗೆ ತೋರಿಸುತ್ತೇನೆ.

ಶೈಲಾ


ಕೊಟ್ಟೂರು
6 ಆಗಸ್ಟ್ 2025

ಅತ್ತೆ,

ನೀವು ಬರಲಿಲ್ಲ.

ಹನ್ನೊಂದರಿಂದ ಮೂರರವರೆಗೆ ನಡುವಿನ ಟೇಬಲ್ಲಿಗೆ ಯಾರನ್ನೂ ಕೂರಿಸಲಿಲ್ಲ. ಉಜ್ಜಿನಿಗೆ ಹೊರಟಿದ್ದ ಒಂದು ಜೀಪಿನ ಮಂದಿ ಹಸಿದುಕೊಂಡು ಬಂದು, ಆ ಖಾಲಿ ಟೇಬಲ್ಲು ನೋಡಿ, ನನ್ನನ್ನು ಬೈದು ಹೋದರು. ಅಪ್ಪ ಹೊಸ ಬಿಳಿ ಅಂಗಿ ಹಾಕಿಕೊಂಡು ತಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತೇ ಇದ್ದರು. ಮೂರಕ್ಕೆ ಎದ್ದು ಮನೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಒಂದು ಸಾಲು ಬರೆಯಲಾಗಲಿಲ್ಲವೇ? ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಯಶೋಧಕ್ಕ, "ಟೀಚರಮ್ಮ ಮಲಗ್ಯಾರ, ಆರಾಮ ಅದಾರ, ಇಡ್ತೀನಿ" ಎಂದು ಇಟ್ಟುಬಿಟ್ಟರು. ಆರಾಮ ಇದ್ದವರು ಬರಬಹುದಿತ್ತು.

ನನಗೆ ಸಿಟ್ಟು ಬಂದಿದೆ ಅತ್ತೆ. ಬಂದಿದೆ ಎಂದೇ ಬರೆಯುತ್ತೇನೆ. ಯಾಕೆ ಬರಲಿಲ್ಲ ಹೇಳಿ.

ಶೈಲಾ


ಹಡಗಲಿ
26 ಆಗಸ್ಟ್ 2025

ಶೈಲಾ,
ಅದು ನನ್ನ ಕೈಲಾಗುವುದಿಲ್ಲ. ಇನ್ನು ಕೇಳಬೇಡ. ಅಂಗಡಿ ಬಿಡಬೇಡ.
ಅ


ಕೊಟ್ಟೂರು
1 ಸೆಪ್ಟೆಂಬರ್ 2025

ಅತ್ತೆ,

ಇಪ್ಪತ್ತು ದಿನ ಕಾಯಿಸಿ ಎರಡು ಸಾಲು. ಅದೂ ನಿಮ್ಮ ಅಕ್ಷರವಲ್ಲ. ನಿಮ್ಮ ಅಕ್ಷರ ಅಚ್ಚು ಹಾಕಿದ ಹಾಗಿರುತ್ತದೆ, ನನಗೆ ಗೊತ್ತಿಲ್ಲವೇ? ಇದು ಒಂದನೇ ಕ್ಲಾಸಿನ ಮಗುವಿನದು. ಓಣಿಯ ಯಾವ ಮಗುವನ್ನು ಕರೆದು ಬರೆಸಿದಿರಿ? ನನಗೆ ಕಾಗದ ಬರೆಯುವುದಕ್ಕೂ ಮನಸ್ಸಿಲ್ಲದಷ್ಟು ಹೇಸಿಗೆಯಾಯಿತೇ ನಾನು ಮಾಡುವ ಅಡುಗೆ?

ಕೈಲಾಗುವುದಿಲ್ಲವಂತೆ! ನಿಮ್ಮ ಕ್ಲಾಸಿನಲ್ಲಿ ಯಾರಾದರೂ ಆ ಮಾತು ಆಡಿದರೆ ನೀವೇನು ಹೇಳುತ್ತಿದ್ದಿರಿ? "ಕೈಲಾಗಲ್ಲ ಅನ್ನಬ್ಯಾಡ್ರಿ. ಎರಡೆರಡು ಕೈ ಅದಾವ ನಿಮಗ." ನನಗೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಿರಿ, ಒಂದು ಕೈ ಕಟ್ಟಿಹಾಕಿ.

ಬನ್ನಿ, ಬಿಡಿ, ನಾನಂತೂ ಅಂಗಡಿ ಬಿಡುವುದಿಲ್ಲ. ಅಪ್ಪ ಆಗಲೇ ಅಳತೆಪಟ್ಟಿ ಹಿಡಿದು ಬಂದು, ಎಷ್ಟು ಚೀಲ ಹಿಡಿಯುತ್ತದೆಂದು ನೋಡಿ ಹೋದರು. ನೋಡಲಿ. ದೀಪಾವಳಿಗೆ ಇನ್ನೂ ಐವತ್ತು ದಿನ ಇದೆ. ಹೊಸಹಳ್ಳಿಯಿಂದ ಮೋಟರ್ ಸೈಕಲ್ಲಿನಲ್ಲಿ ಮೂವರು ಮಿರ್ಚಿ ಬರ್ಗರ್ ತಿನ್ನಲೆಂದೇ ಪ್ರತಿ ಗುರುವಾರ ಬರುತ್ತಾರೆ. ಅವರು ಎರಡೂ ಕೈಯಲ್ಲೇ ತಿನ್ನುತ್ತಾರೆ.

ಶೈಲಾ


ಕೊಟ್ಟೂರು
18 ಸೆಪ್ಟೆಂಬರ್ 2025

ಅತ್ತೆ,

ಮೊನ್ನೆ ಬಲಗೈಗೆ ಎಣ್ಣೆ ಸಿಡಿದು ಬೊಬ್ಬೆ ಬಂತು. ಮರುದಿನ ಬೆಳಿಗ್ಗೆ ಗೋಡೆಯ ಬಿಳಿ ಹಲಗೆಯ ಮೇಲೆ ಆ ದಿನದ ತಿಂಡಿಯ ಪಟ್ಟಿ ಬರೆಯಬೇಕಿತ್ತು. ಎಡಗೈಯಲ್ಲಿ ಬರೆದೆ. ಬರೆದು ಹಿಂದೆ ಸರಿದು ನೋಡಿದರೆ ಅರ್ಧ ಅಕ್ಷರವೇ ಇಲ್ಲ, ಎಲ್ಲ ಬಲಕ್ಕೆ ಒರೆಸಿಹೋಗಿದೆ. ಎಡಗೈಯಲ್ಲಿ ಬರೆಯುವಾಗ ಬರೆದ ಅಕ್ಷರದ ಮೇಲೇ ಕೈ ಸರಿಯುತ್ತ ಹೋಗುತ್ತದಲ್ಲ. ಅಂಗೈಯ ಬದಿಗೆಲ್ಲ ಮಸಿ. ಎರ್ರೆಮ್ಮ, "ಯಾಕ ತಾಯಿ, ಹಂಗ್ಯಾಕ ನಿಂತಿ?" ಎಂದಳು. ಸಣ್ಣವಳಿದ್ದಾಗ ನನ್ನ ಪುಸ್ತಕವೆಲ್ಲ ಹೀಗೇ ಇರುತ್ತಿತ್ತು.

ಓಡಿ ಹೋಗಿ ನಿಮ್ಮ ಕಾಗದ ತೆಗೆದೆ. ನೀವು ಮಸಿ ಪೆನ್ನು ಬಿಟ್ಟು ಬೇರೆ ಮುಟ್ಟುವವರಲ್ಲ. ಎರಡು ಸಾಲೂ ಬಲಕ್ಕೆ ಒರೆಸಿದೆ.

ಅದನ್ನು ಬರೆದದ್ದು ನೀವೇ. ಎಡಗೈಯಲ್ಲಿ.

ಕೈಲಾಗುವುದಿಲ್ಲ ಎಂದರೆ ಕೈಯಲ್ಲಿ ಆಗುವುದಿಲ್ಲ ಎಂದೇ ಬರೆದಿದ್ದಿರೇನು ಅತ್ತೆ? ನಾನು ಅದನ್ನು ಎಲ್ಲರೂ ಆಡುವ ಮಾತಿನ ಹಾಗೆ ಓದಿಬಿಟ್ಟೆ. ಮೇಲೆ "ಎರಡೆರಡು ಕೈ ಅದಾವ" ಎಂದು ಬೇರೆ ಬರೆದೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ಈಗಲೇ ಬಸ್ಸು ಹತ್ತಬೇಕೆನ್ನಿಸುತ್ತಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಹಡಗಲಿ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ನಿಮ್ಮ ಮುಂದೆ ಇರುತ್ತೇನೆ. ಆದರೆ ಯಾರೂ ನೋಡಬಾರದೆಂದೇ ನೀವು ಮುಚ್ಚಿಟ್ಟಿದ್ದೀರಿ. ಬಾ ಎನ್ನುವವರೆಗೆ ಬರುವುದಿಲ್ಲ. ಹೌದು ಅಥವಾ ಅಲ್ಲ, ಒಂದು ಪದ ಬರೆಯಿರಿ. ಅಪ್ಪನಿಗೆ ಹೇಳಿಲ್ಲ.

ನಿಮ್ಮ
ಶೈಲಾ


ಹಡಗಲಿ
27 ಸೆಪ್ಟೆಂಬರ್ 2025

ಶೈಲಾ,

ಹೌದು.

ಈ ಕಾಗದಕ್ಕೆ ನಾಲ್ಕು ದಿನ ಹಿಡಿದಿದೆ. ದಿನಕ್ಕೆ ಆರು ಸಾಲು. ಒರೆಸಿದ್ದರೆ ಹೊಂದಿಸಿಕೊಂಡು ಓದು.

ಜುಲೈ ಹದಿನೆಂಟಕ್ಕೆ ನಿನ್ನ ಕಾಗದ ಬಂತು. ಕೂಡಲೇ "ಬರುತ್ತೇನೆ" ಎಂದು ಬರೆಯಲು ಕೂತೆ. "ಬರು" ಎನ್ನುವವರೆಗೆ ಬರೆದೆ. ಪೆನ್ನು ಬಿತ್ತು. ಎತ್ತಿಕೊಳ್ಳೋಣವೆಂದರೆ ಕೈ ನನ್ನ ಮಾತು ಕೇಳಲಿಲ್ಲ. ಲಕ್ವಾ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಯಾರಿಗೂ ಹೇಳಬೇಡವೆಂದು ಯಶೋಧಾಳಿಂದ ಆಣೆ ಹಾಕಿಸಿಕೊಂಡೆ, ಅವಳನ್ನು ಬೈಯಬೇಡ. ಕಾಲು ಸರಿಹೋಗಿದೆ, ನಡೆಯುತ್ತೇನೆ. ಮಾತು ಸರಿ ಇದೆ. ಬಲಗೈ ಮಾತ್ರ ಮಡಿಲಲ್ಲಿ ಇಟ್ಟಲ್ಲೇ ಇರುತ್ತದೆ.

ಮೊದಲು ಯಶೋಧಾ ತುತ್ತು ಮಾಡಿ ಉಣ್ಣಿಸಿದಳು. ನಾಚಿಕೆಯಾಯಿತು. ಈಗ ಎಡಗೈಯಲ್ಲಿ ಉಣ್ಣುತ್ತೇನೆ, ಬಾಗಿಲು ಹಾಕಿಕೊಂಡು. ಅವಳೂ ಎದುರಿಗೆ ಕೂರಬಾರದೆಂದು ಹೇಳಿದ್ದೇನೆ. ಗೌರಿ ಹಬ್ಬಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬಳು ಊಟಕ್ಕೆ ಕರೆದಳು, ಹೊಟ್ಟೆನೋವೆಂದು ಸುಳ್ಳು ಹೇಳಿದೆ. ಅವಳಿಗೂ ಬಲಗೈ ಕಲಿಸಿದವಳು ನಾನೇ.

ನಿನ್ನನ್ನು ಸೆರಗಿಗೆ ಕಟ್ಟಿದ್ದು ದಿನಾ ನೆನಪಾಗುತ್ತದೆ. ಬಿಚ್ಚಲು ಎಳೆದಾಡಿ ಎಳೆದಾಡಿ ನಿನ್ನ ಮಣಿಕಟ್ಟು ಕೆಂಪಾಗುತ್ತಿತ್ತು. ನಾನು ಪಾಠ ಮುಂದುವರಿಸುತ್ತಿದ್ದೆ. ತಪ್ಪು ಮಾಡಿದೆ ಶೈಲಾ.

ಮರುಳಪ್ಪನಿಗೆ ಹೇಳಬೇಡ. ಅವನು ಎಡಗೈಯಲ್ಲಿ ಉಣ್ಣುವವರ ಬಗ್ಗೆ ಏನಂದನೆಂದು ನೀನೇ ಬರೆದಿದ್ದೀಯ. ಐದು ಟೇಬಲ್ಲಿನ ಜನರ ನಡುವೆ ಕೂತು ಎಡಗೈಯಲ್ಲಿ ತಿನ್ನುವ ಧೈರ್ಯ ನನಗಿಲ್ಲ. ನಿನ್ನ ಅಂಗಡಿ ನನ್ನಿಂದ ಹೋಗುತ್ತದೆಂದು ದುಃಖವಾಗುತ್ತಿದೆ. ಬೇರೆ ದಾರಿ ಹುಡುಕು.

ಅನ್ನದಾನಮ್ಮ


ಕೊಟ್ಟೂರು
3 ಅಕ್ಟೋಬರ್ 2025

ಪ್ರೀತಿಯ ಅತ್ತೆ,

ಕಾಗದ ಓದಿ ಅತ್ತುಬಿಟ್ಟೆ. ಅತ್ತು ಮುಗಿದಿದೆ, ಈಗ ಕೆಲಸದ ಮಾತು.

ಬೇರೆ ದಾರಿ ಹುಡುಕುವುದಿಲ್ಲ. ಕರಾರು ಹಾಕಿದವರು ನೀವು. ನಿಮ್ಮ ಜೂನ್ ತಿಂಗಳ ಕಾಗದ ನನ್ನ ಮುಂದೆಯೇ ಇದೆ: "ಒಂದೇ ಕೈಯಲ್ಲಿ ಹಿಡಿದು ತಿನ್ನುವಂಥ ಬರ್ಗರ್ ಮಾಡು." ಮಾಡಿದ್ದೇನೆ. ಯಾವ ಕೈ ಎಂದು ನೀವು ಬರೆದಿಲ್ಲ. ಮಂಜಣ್ಣನ ಬನ್ನಿಗೂ ಯಾವ ಕೈ ಎಂದು ಗೊತ್ತಿಲ್ಲ.

ಇನ್ನೊಂದು. ಎಲ್ಲರೂ ಎಡಗೈ ಕಾಣುವಂತೆ ತಿನ್ನುವ ಜಾಗ ಕೊಟ್ಟೂರಿನಲ್ಲಿ ನನಗೆ ಗೊತ್ತಿದ್ದಂತೆ ಒಂದೇ, ಅದು ನನ್ನ ಅಂಗಡಿ. ಮದುವೆಯ ಪಂಕ್ತಿಗೆ ಬನ್ನಿ ಎಂದು ನಾನು ಕರೆಯುತ್ತಿಲ್ಲ. ಇಲ್ಲಿಗೆ ಬನ್ನಿ ಎನ್ನುತ್ತಿದ್ದೇನೆ.

ಅಕ್ಟೋಬರ್ ಇಪ್ಪತ್ತೊಂದು, ಮಂಗಳವಾರ, ಅಂಗಡಿ ಪೂಜೆ. ಸಂಜೆ ಅಪ್ಪ ತಮ್ಮ ಅಂಗಡಿಗೆ ಪೂಜೆ ಮಾಡಿ ನನ್ನಿಂದ ಬೀಗದ ಕೈ ತೆಗೆದುಕೊಳ್ಳುವುದೆಂದು ಮಾತಾಗಿದೆ. ನೀವು ಮಧ್ಯಾಹ್ನ ಬನ್ನಿ. ನೀವು ಬಂದು, ತಿನ್ನಲಾಗದೆ ಸುಮ್ಮನೆ ಕೂತು ಎದ್ದು ಹೋದರೂ ನನಗೆ ಬೇಜಾರಿಲ್ಲ. ಬಾಗಿಲು ಹಾಕಿಕೊಂಡು ಉಣ್ಣುವುದು ಮಾತ್ರ ಬೇಡ ಅತ್ತೆ. ಅಂಗಡಿ ಹೋದರೆ ಇನ್ನೊಂದು ಹುಡುಕಿಕೊಂಡೇನು. ನೀವು ಆ ಬಾಗಿಲ ಹಿಂದೆ ಇರುವುದನ್ನು ನಾನು ತಡೆದುಕೊಳ್ಳಲಾರೆ.

ನಿಮ್ಮ
ಶೈಲಾ


ಹಡಗಲಿ
11 ಅಕ್ಟೋಬರ್ 2025

ಶೈಲಾ,
ಮೂಲೆಯ ಟೇಬಲ್ಲು. ಗೋಡೆಗೆ ಮುಖ. ಬಸ್ ನಿಲ್ದಾಣಕ್ಕೆ ಯಾರೂ ಬರಬಾರದು. ಬಂದರೂ ಬಂದೆ, ಬರದಿದ್ದರೂ ಇಲ್ಲ.
ಅನ್ನದಾನಮ್ಮ


ಹಡಗಲಿ
27 ಅಕ್ಟೋಬರ್ 2025

ಚಿ. ಶೈಲಾ,

ನೀನು ತವೆಯ ಕಡೆ ಮುಖ ಮಾಡಿ ನಿಂತಿದ್ದೆ. ತಿರುಗಿ ನೋಡಬಾರದೆಂದು ನಿನಗೆ ನೀನೇ ಆಣೆ ಹಾಕಿಕೊಂಡಿದ್ದೆಯೆಂದು ಎರ್ರೆಮ್ಮ ಹೇಳಿದಳು. ಆದ್ದರಿಂದ ನಿನ್ನ ಬೆನ್ನ ಹಿಂದೆ ನಡೆದದ್ದನ್ನು ನಾನು ಬರೆಯಬೇಕಾಗಿದೆ.

ಯಶೋಧಾ ನನ್ನನ್ನು ಮೂಲೆಗೆ ಕೂರಿಸಿದಳು. ಎಲೆ ಸುತ್ತಿದ ಬರ್ಗರ್ ಬಂತು. ನಾನು ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಕೂತರೆ ಬೆನ್ನ ಹಿಂದೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅದಕ್ಕಿಂತ ನೋಡಿಬಿಡುವುದೇ ವಾಸಿ ಎಂದು ಕುರ್ಚಿ ತಿರುಗಿಸಿಕೊಂಡೆ.

ಕಾಲೇಜಿನ ನಾಲ್ಕು ಹುಡುಗಿಯರು ಬಾಯಿ ಹಿಗ್ಗಿಸಿ ಹಿಗ್ಗಿಸಿ ಕಚ್ಚುತ್ತಿದ್ದರು. ಒಬ್ಬಾತನ ಎರಡೂ ಮಣಿಕಟ್ಟಿನವರೆಗೆ ಮೊಸರು ಇಳಿದಿತ್ತು, ಅವನು ಎಡಗಡೆಯದನ್ನು ನೆಕ್ಕಿದ. ಒಬ್ಬ ತಾಯಿ ಮಗುವಿಗೆ "ಗಟ್ಟಿ ಹಿಡ್ಕಳೋ, ಬೀಳ್ತತಿ" ಎನ್ನುತ್ತಿದ್ದಳು. ಯಾರೂ ನನ್ನನ್ನು ನೋಡಲಿಲ್ಲ. ಮೂರು ತಿಂಗಳು ಬಾಗಿಲು ಹಾಕಿಕೊಂಡು ಉಂಡೆನಲ್ಲ, ಇಲ್ಲಿ ನೋಡಿದರೆ ನನ್ನನ್ನು ನೋಡಲು ಇವರಿಗೆ ಪುರುಸೊತ್ತೇ ಇರಲಿಲ್ಲ. ಎತ್ತಿಕೊಂಡೆ. ಕಚ್ಚಿದೆ. ವಡೆಯ ಖಾರ ನೆತ್ತಿಗೇರಿತು. ಬಹಳ ಚೆನ್ನಾಗಿತ್ತು ಶೈಲಾ. ಒಂದು ಕಾಳು ಬೀಳಲಿಲ್ಲ.

ಅರ್ಧ ತಿಂದಿದ್ದೆ. ಮರುಳಪ್ಪ ಬಂದ. ಹೊಸ್ತಿಲ ಮೇಲೆ ನಿಂತು ನನ್ನ ಎಡಗೈ ನೋಡಿದ, ಆಮೇಲೆ ಮಡಿಲಲ್ಲಿದ್ದ ಬಲಗೈ ನೋಡಿದ. ಹತ್ತಿರ ಬಂದು ನನ್ನ ಕೇಳುವ ಕಿವಿಯ ಕಡೆ ಬಗ್ಗಿ, "ಯಾವಾಗಾತಕ್ಕಾ?" ಎಂದ.

"ಶ್ರಾವಣಕ್ಕ ಮುಂಚೆ."

"ನನಗ್ಯಾಕ ಹೇಳ್ಲಿಲ್ಲ?"

"ಎಡಗೈಲೆ ಉಣ್ಣೋರನ್ನ ಮನುಷ್ಯಾರು ಅಂತಾರೇನು ಅಂದೀಯಂತಲ್ಲೋ."

ಅವನು ಕೂತುಬಿಟ್ಟ. ಎರ್ರೆಮ್ಮನನ್ನು ಕರೆದು, "ನನಗೂ ಒಂದು ತಾರವ್ವಾ, ದೊಡ್ಡದು" ಎಂದ. ಎರಡೂ ಕೈಯಲ್ಲಿ ಹಿಡಿದ. ಹಿಡಿಯಲು ಬರಲಿಲ್ಲ, ಬದನೆಕಾಯಿಯೆಲ್ಲ ಬಿಳಿ ಅಂಗಿಯ ಮೇಲೆ. ಅಂಗಿಗೆ ಒಂದು ಚುಕ್ಕೆ ಬಿದ್ದರೆ ಮನೆಗೆ ಓಡುವವನು, ಅದೇ ಅಂಗಿಯಲ್ಲಿ ಸಂಜೆ ಪೂಜೆಗೆ ಕೂತ. ನೀನು ಬೀಗದ ಕೈ ಮುಂದೆ ಚಾಚಿದಾಗ ಅವನು ಅದಕ್ಕೆ ಕುಂಕುಮ ಹಚ್ಚಿ ತಿರುಗಿ ಕೊಟ್ಟದ್ದು ನಿನಗೆ ಗೊತ್ತೇ ಇದೆ.

ಅನ್ನದಾನಮ್ಮ


ಕೊಟ್ಟೂರು
2 ನವೆಂಬರ್ 2025, ಭಾನುವಾರ

ಅತ್ತೆ,

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹಲಗೆಯ ಮೇಲಿನ ಆ ಪಟ್ಟಿ ಬಿಟ್ಟರೆ, ಇಪ್ಪತ್ತೆರಡು ವರ್ಷದ ಮೇಲೆ. ಒರೆಸಿದ್ದರೆ ನೀವೂ ಹೊಂದಿಸಿಕೊಂಡು ಓದಿ.

ನಿನ್ನೆ ಅಪ್ಪ ಏಣಿ ಹಾಕಿಕೊಂಡು ನನ್ನ ಬೋರ್ಡು ಇಳಿಸಿದರು. ನಾನು ತವೆ ಬಿಟ್ಟು ಹೊರಗೆ ಓಡಿದೆ. ಗೊಬ್ಬರದ ಚೀಲಕ್ಕೆ ನಂಬರು ಹಾಕುವ ಬಣ್ಣದಲ್ಲಿ ತಾವೇ ಕೂತು ಬರೆದು ಮತ್ತೆ ಏರಿಸಿದರು. ಈಗ ಹೀಗಿದೆ: "ಯಾವ ಕೈಲಾದ್ರೂ ಉಣ್ರಿ."

ಎರ್ರೆಮ್ಮ, "ಗೌಡ್ರ ಅಕ್ಷರ ನೆಟ್ಟಗಿಲ್ಲ" ಎಂದಳು. ಅಪ್ಪ, "ಅಕ್ಕ ಬಂದು ತಿದ್ದಲಿ ಬಿಡು" ಎಂದರು.

ಶೈಲಾ


ಹಡಗಲಿ
10 ನವೆಂಬರ್ 2025

ಚಿ. ಶೈಲಾ,

ನಿನ್ನ ಎಡಗೈ ಅಕ್ಷರ ಬಹಳ ಕೆಟ್ಟದಾಗಿದೆ. "ಶ" ಮಲಗಿಬಿಟ್ಟಿದೆ. ದಿನಕ್ಕೊಂದು ಪುಟ ಕಾಪಿ ಬರೆ. ನಾನೂ ಬರೆಯುತ್ತಿದ್ದೇನೆ. ನಿನ್ನೆಯದಕ್ಕೆ ಯಶೋಧಾ ಹತ್ತಕ್ಕೆ ನಾಲ್ಕು ಕೊಟ್ಟಳು. ನಿನ್ನ ಕಾಗದ ತೋರಿಸಿದೆ, ನಿನಗೆ ಮೂರು.

ಮರುಳಪ್ಪನ ಬೋರ್ಡನ್ನು ಯಾರೂ ಮುಟ್ಟಬಾರದು. ಅದರಲ್ಲಿ ತಿದ್ದುವುದು ಏನೂ ಇಲ್ಲ.

ಬರುವ ಸೋಮವಾರ ಬರುತ್ತೇನೆ. ಮೂಲೆಯ ಟೇಬಲ್ಲು ಬೇಡ. ನಡುವಿನದು ಇಡು.

ಅನ್ನದಾನಮ್ಮ